ಛಾಟದ ಡಬ್ಬಿ

ಕೇಳಿದರೆ ಏನಾದೀತು? ಕೇಳದೆ ಬಿಟ್ಟರೆ ಏನಾದೀತು? ಚೀಟಿ ಆಗಲೇ ಡಬ್ಬಿಯೊಳಗೆ ಬಿದ್ದಿತ್ತು. ಬೆರಳಗಲದ ಕಾಗದದ ಪಟ್ಟಿ, ಅದರ ಮೇಲೆ ತನ್ನ ಕೈಬರಹದ ಒಂದು ಸಾಲು. ಅದು ಕೆಟ್ಟ ಸಾಲೇ ಇರಬಹುದು. ಹಲವು ಸಂಕಲನ ಹೊರತಂದ ಹಿರಿಯ ಕವಿಗೆ ಗೊತ್ತಾಗದ್ದು, ಬಿ.ಎ. ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿ ಕುಳಿತವನಿಗೆ ಗೊತ್ತಾಗುತ್ತದೆಯೇ? ಆದರೆ ಕೆಟ್ಟ ಸಾಲಾಗಿದ್ದರೆ ಅವರು ಅದನ್ನು ಎರಡನೇ ಸಲ ಓದಿದ್ದು ಯಾಕೆ? ಡಬ್ಬಿಗೆ ಬಿಡುವ ಮುನ್ನ ಕಿಟಕಿಯ ಬೆಳಕಿಗೆ ಹಿಡಿದು, ತುಟಿಯಲ್ಲೇ ಏನನ್ನೋ ಹೇಳಿಕೊಂಡದ್ದು ಯಾಕೆ?

"ಮುಂದಿನವರು ಬರ್ರಿ," ಎಂದರು ವಿರುಪಾಕ್ಷಪ್ಪ ಮಾಸ್ತರರು.

ಭರಮು ಉಳಿದ ಪಟ್ಟಿಗಳನ್ನು ಒಟ್ಟುಮಾಡಿಕೊಂಡು ತನ್ನ ಬೆಂಚಿಗೆ ಮರಳಿದ. ಕೇಳಲಿಲ್ಲ.

ಕಮ್ಮಟ ನಡೆಯುತ್ತಿದ್ದದ್ದು ಚಿಕ್ಕೋಡಿಯ ಒಂದು ಹೈಸ್ಕೂಲಿನ ಚಿತ್ರಕಲೆಯ ಕೋಣೆಯಲ್ಲಿ, ೧೯೮೮ರ ದೀಪಾವಳಿ ರಜೆಯಲ್ಲಿ. ಬಾಗಿಲ ಮೇಲೆ 'ಗಡಿನಾಡಿನ ಉದಯೋನ್ಮುಖ ಕವಿಗಳ ಕಮ್ಮಟ' ಎಂಬ ಬಟ್ಟೆಯ ಬ್ಯಾನರು. ರಾಯಬಾಗ, ಅಥಣಿ, ಕಾಗವಾಡ, ಚಿಕ್ಕೋಡಿ ಕಡೆಯ ಒಂದಷ್ಟು ಹುಡುಗರು ಬಂದಿದ್ದರು, ಹುಡುಗಿ ಒಬ್ಬಳೇ. ನಿಪ್ಪಾಣಿಯಿಂದ ಬಂದವನು ಭರಮು ಮಾತ್ರ. ಕೊನೆಯ ದಿನ ಊರವರ ಮುಂದೆ ಓದು, ಆಮೇಲೆ ಎಲ್ಲರದೂ ಒಂದೊಂದು ಕವನ ಸೇರಿಸಿ ಪುಸ್ತಕ. ಪುಸ್ತಕ ಎಂಬ ಆ ಒಂದು ಮಾತು ಎಲ್ಲರನ್ನೂ ಅಲ್ಲಿಗೆ ಎಳೆದು ತಂದಿತ್ತು. ಭರಮು ಅಚ್ಚಿನಲ್ಲಿ ತನ್ನನ್ನು ನೋಡಿಕೊಂಡದ್ದು ಬಿ.ಎ. ಫಲಿತಾಂಶ ಬಂದ ಪತ್ರಿಕೆಯಲ್ಲಿ. ಅಲ್ಲಿ ಹೆಸರಿರಲಿಲ್ಲ, ನಂಬರಿತ್ತು.

ಕಮ್ಮಟ ನಡೆಸುತ್ತಿದ್ದವರು ಹಾರೂಗೇರಿಯ ಅಣ್ಣಾಸಾಬ. ಕಬ್ಬಿನ ಹೊಲವಿದ್ದ ಮನುಷ್ಯ, ಸಾಹಿತ್ಯದ ಹುಚ್ಚು. ಮೊದಲ ದಿನ ಬಾಗಿಲಲ್ಲೇ ಭರಮುವನ್ನು ಹಿಡಿದು, ಪಂದ್ಯ ಗೆದ್ದ ಎತ್ತಿನ ಬೆನ್ನ ಮೇಲೆ ಕೈಯಿಡುವ ಹಾಗೆ ಅವನ ಹೆಗಲ ಮೇಲೆ ಕೈಯಿಟ್ಟು ಎಲ್ಲರಿಗೂ ತೋರಿಸಿದ್ದರು: "ನೋಡ್ರಿ, ನಿಪ್ಪಾಣ್ಯಾಗಿಂದ ಕನ್ನಡ ಕವಿ ಬಂದಾನ! ಅಲ್ಲಿ ಅಂಗಡಿ ಬೋರ್ಡ್ ಸೈತ ಮರಾಠಿ. ಅಂಥಾದ್ರಾಗ ಈ ಹುಡುಗ! ಪುಸ್ತಕದಾಗ ಮೊದಲನೇ ಪಾನು, ಮೊದಲನೇ ಪುಟಾನ ಇವಂದ."

ಭರಮುವಿಗೆ ಆಗ ಏನು ಹೇಳಬೇಕೋ ತಿಳಿಯಲಿಲ್ಲ. ಅವನಿಗೆ ಸಾಮಾನ್ಯವಾಗಿ ತಿಳಿಯುತ್ತಿರಲಿಲ್ಲ. ಮಾತು ಬಾಯಿಗೆ ಬರುವಷ್ಟರಲ್ಲಿ ಎದುರಿಗಿದ್ದವರು ಹೊರಟುಹೋಗಿರುತ್ತಿದ್ದರು. ಕವನ ಬರೆಯಲು ಶುರುಮಾಡಿದ್ದೂ ಅದಕ್ಕೇ. ಕಾಗದ ಎದ್ದು ಹೋಗುವುದಿಲ್ಲ.

ವಿರುಪಾಕ್ಷಪ್ಪನವರು ಅಥಣಿಯ ನಿವೃತ್ತ ಶಿಕ್ಷಕರು. ಅವರು ಕಲಿಸುವ ರೀತಿ ಬೇರೆ. ಹಾಳೆಯ ಮೇಲೆ ತಿದ್ದುತ್ತಿರಲಿಲ್ಲ. ಕವನವನ್ನು ಕತ್ತರಿಯಿಂದ ಸಾಲು ಸಾಲಾಗಿ ಕತ್ತರಿಸಲು ಹೇಳಿ, ಆ ಪಟ್ಟಿಗಳನ್ನು ಮೇಜಿನ ಮೇಲೆ ಒಂದರ ಕೆಳಗೊಂದು ಹರಡಿಸುತ್ತಿದ್ದರು. ಬೇಡದ ಸಾಲನ್ನು ಎರಡು ಬೆರಳಲ್ಲಿ ಎತ್ತಿ, ಮಗ್ಗುಲಲ್ಲಿದ್ದ ಬಿಸ್ಕೀಟಿನ ತಗಡಿನ ಡಬ್ಬಿಗೆ ಬಿಡುತ್ತಿದ್ದರು. "ಬಿತ್ತೂದು ಯಾರಿಗರ ಬರ್ತೈತಿ. ಕಸ ತಗಿಯೂದ ಒಕ್ಕಲುತನ" ಎನ್ನುತ್ತಿದ್ದರು. ಅದರಲ್ಲಿ ಸುಳ್ಳಿರಲಿಲ್ಲ. ಎರಡು ಪಟ್ಟಿ ಹೋದ ಮೇಲೆ ಉಳಿದವು ಹತ್ತಿರ ಸರಿದು, ಸತ್ತಂತೆ ಬಿದ್ದಿದ್ದ ಕವನ ಉಸಿರಾಡಿದ್ದನ್ನು ಭರಮು ಕಣ್ಣಾರೆ ಕಂಡಿದ್ದ. ಅವನ ಕವನದಲ್ಲೂ 'ಓ ಕರುಣೆಯ ಕಡಲೇ, ತಾಯೇ' ಎಂಬ ಸಾಲಿತ್ತು. ಅದನ್ನು ಎತ್ತುತ್ತ ಮಾಸ್ತರರು, "ಇದು ನೀ ಬರದದ್ದಲ್ಲೋ ತಮ್ಮಾ, ಎಲ್ಲಾರೂ ಬರದದ್ದು," ಎಂದಾಗ ಅವನ ಕಿವಿ ಬಿಸಿಯಾಯಿತು. ಆದರೂ ಹೌದೆನ್ನಿಸಿತು. ಒಳ್ಳೆಯ ಗುರು ಸಿಕ್ಕ ಎನ್ನಿಸಿತು.

ಅದರ ಮರುಗಳಿಗೆಯೇ ಅವರು ಕೊನೆಯ ಸಾಲನ್ನು ಎತ್ತಿದ್ದರು.

ಕವನ ಅವನ ಅವ್ವ ತುಳಸವ್ವನ ಮೇಲಿತ್ತು. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವವಳು. ತೊಡೆಯ ಮೇಲೆ ತಂಬಾಕಿನ ಮೊರ, ಮೊರದಲ್ಲಿ ಕಂದು ಧೂಳು, ಧೂಳಿನಲ್ಲಿ ಓಡಾಡುವ ಹತ್ತು ಬೆರಳು. ಕೊನೆಗೆ ಮರಾಠಿಯ ಒಂದು ಸಾಲು: 'ಮೋಡಾಯಚೀ ತರ ಮಾಝ್ಯಾ ಸಮೋರ ಮೋಡ.' ಮುರಿಯುವುದಿದ್ದರೆ ನನ್ನ ಎದುರಿಗೇ ಮುರಿ.

"ಇದೇನಿದು?" ಎಂದಿದ್ದರು ಮಾಸ್ತರರು.

"ನಮ್ಮವ್ವ ಅಂದದ್ರಿ."

"ನಿಮ್ಮವ್ವ ಅಂದದ್ದು ಬ್ಯಾರೆ, ಕವನಾ ಬ್ಯಾರೆ. ಗಡಿನಾಡ ಕನ್ನಡ ಪುಸ್ತಕದಾಗ ಮರಾಠಿ ಸಾಲ ಇಟ್ಟರ ನಾಳೆ ಅತ್ತಾಗಿನವರು ಏನಂದಾರು? ನೋಡ್ರಿ, ಇವರ ಕವಿಗಳ ಬಾಯಾಗೂ ನಮ್ಮ ಭಾಷಾನ ಐತಿ ಅಂದಾರು."

"ಆಕಿ ಎರಡೂ ಮಾತಾಡತಾಳ್ರಿ. ಸಿಟ್ಟು ಬಂದಾಗ ಯಾವುದು ಮೊದಲ ಬರ್ತೈತೋ ಅದು."

ಹಿಂದಿನ ಬೆಂಚಿನವರು ನಕ್ಕರು. ಮಾಸ್ತರರೂ ನಕ್ಕರು. ನಗುತ್ತಲೇ ಸಾಲನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ಓದಿ, ಡಬ್ಬಿಗೆ ಬಿಟ್ಟರು.

ಚಹಾ ಹೊತ್ತಿಗೆ ಎಲ್ಲರೂ ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಕುಳಿತರು. ರಸ್ತೆಯಲ್ಲಿ ಕಬ್ಬಿನ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದವು. ಕಾಗವಾಡದ ಪದ್ಮವ್ವ, ಕಮ್ಮಟದ ಒಬ್ಬಳೇ ಹುಡುಗಿ, ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ ಅವನ ಹತ್ತಿರ ಬಂದು ನಿಂತಳು. ಅವಳಿಗೆ ಇದು ಎರಡನೇ ಕಮ್ಮಟ. ಹೋದ ವರ್ಷ ಅಥಣಿಯಲ್ಲಿ ನಡೆದದ್ದಕ್ಕೂ ಹೋಗಿದ್ದಳು.

"ನಿಮ್ಮ ಸಾಲ ಛಲೋ ಇತ್ತು," ಎಂದಳು. "ಅದಕ್ಕ ಎರಡು ಸಲ ಓದಿದ್ರು."

ಭರಮು ಅವಳತ್ತ ನೋಡಿದ.

"ಬರೂ ಯುಗಾದಿ ವಿಶೇಷಾಂಕ ಕೊಂಡು ಓದ್ರಿ. ಅದ್ರಾಗ ಮಾಸ್ತರ ಕವನ ಇರ್ತೈತಿ. ನಿಮ್ಮ ಸಾಲೂ ಇರ್ತೈತಿ. ಕನ್ನಡ ಮಾಡಿ ಹಾಕ್ಕೊಂಡಿರತಾರ."

"ಸುಳ್ಳ."

"ಸುಳ್ಳ್ಯಾಕ ಹೇಳ್ಲಿ? ಹ್ವಾದ ವರ್ಷ ನಾ ಬರದಿದ್ದೆ: ದ್ರಾಕ್ಷಿ ಬಳ್ಳಿಗೆ ಬಿಗಿದ ತಂತಿ ನಮ್ಮಕ್ಕನ ತಾಳಿಗಿಂತ ಸಡಿಲ. ಹೆಣ್ಣಮಕ್ಕಳು ತಾಳಿ ಬಗ್ಗೆ ಹಿಂಗ ಬರೀಬಾರದವ್ವಾ ಅಂತ ಡಬ್ಬಿಗೆ ಹಾಕಿದ್ರು. ಈ ವರ್ಷ ಯುಗಾದಿ ಸಂಚಿಕ್ಯಾಗ ನೋಡತೀನಿ, ಅವರ ಕವನದಾಗ ಅದ ತಂತಿ, ಅದ ತಾಳಿ. ಅಕ್ಕ ಒಬ್ಬಾಕಿ ಇರಲಿಲ್ಲ."

"ನೀವೇನ ಮಾಡಿದ್ರಿ?"

"ನಮ್ಮಪ್ಪಗ ತೋರಿಸಿದೆ. ನಮ್ಮಪ್ಪ ಜಿನ್ನಪ್ಪ ಅಂದ್ರ ನಿಮಗ ಗೊತ್ತಿಲ್ಲ. ಅಷ್ಟು ದೊಡ್ಡವರ ಕವನದಾಗ ನನ್ನ ಮಗಳ ಸಾಲ ಬಂದೈತಿ ಅಂತ ಓಣಿಗೆಲ್ಲಾ ಪೇಢೆ ಹಂಚಿದ." ಅವಳು ನಕ್ಕಳು. ನಗು ಅರ್ಧಕ್ಕೇ ನಿಂತಿತು. "ನಾನೂ ಒಂದು ತಿಂದೆ."

ಆ ಅರ್ಧ ನಗುವಿನ ಆಚೆ ಅವಳು ಹೇಳದೆ ಬಿಟ್ಟದ್ದೆಲ್ಲ ಭರಮುವಿಗೆ ಕೇಳಿಸಿತು. ಅವನ ಬಸಿಯಲ್ಲಿದ್ದ ಚಹಾ ತಣ್ಣಗಾಯಿತು. ಅವನ ಕಣ್ಣ ಮುಂದೆ ಬೇರೊಂದು ಮೇಜು ಬಂದಿತ್ತು.

ಅವ್ವ ಕಟ್ಟಿದ ಬೀಡಿಯನ್ನು ಕಾರ್ಖಾನೆಯ ಮೇಜಿನ ಮೇಲೆ ಇಟ್ಟಾಗ ಚೆಕ್ಕರ್ ಭಾವುಸಾಹೇಬ ಒಂದೊಂದೇ ಕಟ್ಟು ಎತ್ತಿ, ಹಿಸುಕಿ, ಮೂಸಿ ನೋಡುತ್ತಿದ್ದ. ಎಲೆ ಸೀಳಿದೆ, ತುದಿ ಸಡಿಲ, ಹೊಟ್ಟೆ ತೆಳ್ಳಗೆ ಎಂದು ಒಂದಿಷ್ಟನ್ನು ಮೇಜಿನ ಕೆಳಗಿನ ಬುಟ್ಟಿಗೆ ಎಸೆಯುತ್ತಿದ್ದ. ಹಾಗೆ ತೆಗೆದುಹಾಕಿದ್ದಕ್ಕೆ ಛಾಟ ಎನ್ನುತ್ತಾರೆ. ಛಾಟಕ್ಕೆ ಕೂಲಿಯಿಲ್ಲ. ಆದರೆ ಆ ಬುಟ್ಟಿ ಸಂಜೆ ಗೋದಾಮಿನೊಳಗೆ ಹೋಗುತ್ತಿತ್ತು. ವಾರದ ಸಂತೆಯಲ್ಲಿ ಅದೇ ಬೀಡಿ ಬಿಡಿಬಿಡಿಯಾಗಿ ಮಾರಾಟವಾಗುತ್ತಿತ್ತು. ಕೆಟ್ಟ ಬೀಡಿಯಿಂದಲೂ ಹೊಗೆ ಚೆನ್ನಾಗಿಯೇ ಬರುತ್ತಿತ್ತು.

ಎಲ್ಲ ಹೆಣ್ಣುಮಕ್ಕಳಿಗೂ ಇದು ಗೊತ್ತಿತ್ತು. ಹಿಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಭರಮು ಬುತ್ತಿ ಕೊಡಲು ಹೋಗಿ ಬಾಗಿಲಲ್ಲಿ ನಿಂತಿದ್ದಾಗ, ಅವ್ವ ಬಗ್ಗಿ ಬುಟ್ಟಿಯ ಅಂಚು ಹಿಡಿದುಕೊಂಡಳು. ಭಾವುಸಾಹೇಬ ಬೈದ. ಅವಳು ಬಿಡಲಿಲ್ಲ. 'ಮೋಡಾಯಚೀ ತರ ಮಾಝ್ಯಾ ಸಮೋರ ಮೋಡ' ಎಂದಳು, ಕೂಗದೆ. ಹಿಂದೆ ಸಾಲಿನಲ್ಲಿದ್ದವರು ತಮ್ಮ ಮೊರಗಳನ್ನು ಕೆಳಗಿಟ್ಟು ಅವಳ ಸುತ್ತ ಬಂದು ನಿಂತರು. ಯಾರೂ ಮಾತಾಡಲಿಲ್ಲ. ಆ ಮೌನದಲ್ಲಿ ಭಾವುಸಾಹೇಬ ಅವಳ ಒಂದು ಕಟ್ಟು ಎತ್ತಿ ಎರಡು ಕೈಯಲ್ಲಿ ಮುರಿದ. ಒಣ ಎಲೆ ಮುರಿದ ಸದ್ದು. ಇನ್ನೊಂದು ಕಟ್ಟು, ಮತ್ತೆ ಅದೇ ಸದ್ದು. ಅವತ್ತಿನಿಂದ ಆ ಕಾರ್ಖಾನೆಯಲ್ಲಿ ಅದೇ ಪದ್ಧತಿ: ಛಾಟವಾದದ್ದನ್ನು ಕಟ್ಟಿದವಳ ಕಣ್ಣೆದುರೇ ಮುರಿಯಬೇಕು. ಕೂಲಿ ಸಿಗದಿದ್ದರೂ ಸರಿ, ತನ್ನ ಕೈಯ ಕೆಲಸ ಇನ್ನೊಬ್ಬನ ಮಾಲಾಗಬಾರದು.

ಚಹಾ ಬಿಡುವು ಮುಗಿದ ಗಂಟೆ ಹೊಡೆಯಿತು. ಭರಮು ಒಳಗೆ ಹೋದ. ಬೆಂಚಿಗೆ ಹೋಗದೆ ನೇರ ಮೇಜಿನ ಮುಂದೆ ನಿಂತ.

"ಸರ್, ಡಬ್ಯಾಗಿನ ಚೀಟಿ ಏನ ಮಾಡತೀರಿ?"

"ಏನ ಮಾಡೂದು? ಕಸ ಅದು."

"ಕಸ ಅಂದ್ರ ನನ್ನ ಮುಂದ ಹರದ ಒಗೀರಿ."

ಮಾಸ್ತರರು ಕನ್ನಡಕ ಕೆಳಗೆ ಸರಿಸಿ ನೋಡಿದರು. "ಯಾಕ?"

"ನಿಪ್ಪಾಣ್ಯಾಗ ಹಂಗ ಪದ್ಧತಿ ಐತ್ರಿ. ಛಾಟ ಆದ ಬೀಡಿ ಕಟ್ಟಿದಾಕಿ ಮುಂದನ ಮುರೀಬೇಕ."

"ಏ ನಿಪ್ಪಾಣಿ!" ಎಂದ ಹಿಂದಿನಿಂದ ಯಾವನೋ. "ಕವನಾ ಅಂದ್ರ ಬೀಡಿ ಅನಕೊಂಡೀಯೇನಲೇ? ಕಡ್ಡಿ ಕೊರಿ ಮತ್ತ!"

ಕೋಣೆಗೆ ಕೋಣೆಯೇ ನಕ್ಕಿತು. ಭರಮು ನಗು ಮುಗಿಯುವವರೆಗೆ ಕಾದ. ಕಾಯುವುದು ಅವನಿಗೆ ಗೊತ್ತಿತ್ತು.

"ಮುರೀದಿದ್ರ ಏನಾಗ್ತೈತಿ?" ಎಂದು ಮಾಸ್ತರರು ಹಾಸ್ಯದ ದನಿಯಲ್ಲೇ ಕೇಳಿದರು.

"ಮಾರತಾರ್ರಿ."

ಈಗ ಯಾರೂ ನಗಲಿಲ್ಲ. ವಿರುಪಾಕ್ಷಪ್ಪನವರು ಭರಮುವನ್ನು ನೋಡಲಿಲ್ಲ. ಅವರ ಕಣ್ಣು ಅವನನ್ನು ದಾಟಿ ಪದ್ಮವ್ವನ ಬೆಂಚಿಗೆ ಹೋಯಿತು. ಅಲ್ಲಿ ನಿಲ್ಲಲಾರದೆ ಕಿಟಕಿಗೆ ಹೋಯಿತು. ಅಷ್ಟೇ. ಆದರೆ ಭರಮುವಿಗೆ ಅಷ್ಟು ಸಾಕಾಗಿತ್ತು.

"ನನ್ನ ಕಳ್ಳ ಅಂತೀಯೇನು?"

"ನಾ ಹಂಗ ಅಂದಿಲ್ರಿ. ಹರೀರಿ ಅಂದೆ. ಇಲ್ಲಂದ್ರ ನನ್ನ ಚೀಟಿ ನನಗ ಕೊಡ್ರಿ."

ಮಾಸ್ತರರು ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದರು. ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಧೋತರದ ಚುಂಗು ಹಿಡಿದು, ಕೋಣೆಯಿಂದ ಹೊರಟುಹೋದರು. ಅವತ್ತಿನ ಕಮ್ಮಟ ಅಲ್ಲಿಗೆ ಮುಗಿಯಿತು.

ಸಂಜೆ ಅಣ್ಣಾಸಾಬ ಅವನನ್ನು ವರಾಂಡಕ್ಕೆ ಕರೆದರು. ಅವರಿಗೆ ಸಿಟ್ಟಿಗಿಂತ ಗಾಬರಿಯೇ ಹೆಚ್ಚಾಗಿತ್ತು.

"ಎಂಥಾ ಕೆಲಸ ಮಾಡಿದ್ಯೋ ಮಾರಾಯಾ! ಆ ಮನಷ್ಯಾ ಊಟಾ ಬಿಟ್ಟು ಕುಂತಾನ. ಹೋಗ್ಲಿ, ಮುಗಸೂಣು. ನಾಳೆ ಸಮಾರೋಪದಾಗ ಸ್ಟೇಜ ಮ್ಯಾಲ ಹೋಗಿ, ತಪ್ಪಾತ್ರಿ ಅಂತ ಒಂದ ಮಾತ ಅನ್ನು. ಕಾಲ ಬೀಳೂದೂ ಬ್ಯಾಡ. ಒಂದ ಮಾತು. ನೀ ಪುಸ್ತಕದಾಗ, ಮೊದಲನೇ ಪಾನು."

"ಆ ಸಾಲು?"

"ಸಾಲ ಹೋಗ್ಲಿ ಬಿಡೋ. ಉಳದದ್ದು ಬೇಕಾದಷ್ಟ ಐತಲ್ಲ. ಒಂದ ಸಾಲಿಗೆ ಇಷ್ಟ ಹಟಾ ಏನು?"

"ಅನ್ನದಿದ್ರ?"

ಅಣ್ಣಾಸಾಬ ಬ್ಯಾನರಿನ ಕಡೆ ನೋಡಿದರು. "ಅನ್ನದಿದ್ರ ನಿಪ್ಪಾಣಿ ಖಾಲಿ ಬಿಡಬೇಕಾಗ್ತೈತಿ. ನನ್ನ ಕೈಯಾಗ ಏನೂ ಇಲ್ಲ."

ಮರುದಿನ ಮಧ್ಯಾಹ್ನದ ಬಸ್ಸಿಗೆ ತುಳಸವ್ವ ಬಂದಳು. ಮಗ ಓದುವುದನ್ನು ಕೇಳಲು ಕೆಲಸ ಬಿಟ್ಟು ಬಂದಿದ್ದಳು. ಜೊತೆಗೆ ಅವಳ ಮಗ್ಗುಲಲ್ಲೇ ಕುಳಿತು ಬೀಡಿ ಕಟ್ಟುವ ಸುಂದ್ರವ್ವ. ಇಬ್ಬರೂ ಒಗೆದ ಸೀರೆ ಉಟ್ಟಿದ್ದರು, ಆದರೂ ತಂಬಾಕಿನ ವಾಸನೆ ಅವರೊಂದಿಗೇ ಬಸ್ಸಿನಿಂದ ಇಳಿಯಿತು. ಬೇವಿನ ಕಟ್ಟೆಯ ಮೇಲೆ ರೊಟ್ಟಿಯ ಗಂಟು ಬಿಚ್ಚಿ, ಖಾರ ಹಚ್ಚಿ, ಮಗನ ಕೈಗೆ ಕೊಟ್ಟಳು. ಭರಮು ತಿನ್ನದೆ, ನಡೆದದ್ದನ್ನು ಚುಟುಕಾಗಿ ಹೇಳಿದ.

ಅವ್ವ ಸೆರಗಿನಿಂದ ಕೈಯ ಖಾರ ಒರೆಸಿಕೊಂಡಳು. ಅವಳು ಬೆನ್ನು ತಟ್ಟುತ್ತಾಳೆ ಎಂದು ಅವನು ಅಂದುಕೊಂಡಿದ್ದ. ಅದು ಅವಳದೇ ಮಾತಲ್ಲವೇ?

"ತಪ್ಪಾತು ಅಂದ್ರ ನಾಲಿಗಿ ಸವೀತೈತೇನು? ಅಂದಬಿಡು," ಎಂದಳು.

"ಅವ್ವಾ, ನೀ ಭಾವುಸಾಹೇಬಗ ಅಂದೀಯೇನು?"

"ನಂದ ಬ್ಯಾರೆ. ನನ್ನ ಮುಂದ ಬೀಡಿ ಇತ್ತು, ಪುಸ್ತಕ ಇರಲಿಲ್ಲ. ನಿನ್ನ ಹೆಸರ ಅಚ್ಚ ಆದದ್ದು ನೋಡಬೇಕು ನಾ. ಓದಾಕ ಬರೂದಿಲ್ಲ, ಹೌದ. ಕೈಲೆ ಮುಟ್ಟಿ ನೋಡತೀನಿ."

"ಅನ್ನೋ ಭರಮ್ಯಾ," ಎಂದಳು ಸುಂದ್ರವ್ವ ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ. "ದೊಡ್ಡಾವರಿಗೆ ತಪ್ಪಾತು ಅಂದ್ರ ಏನ ಸಣ್ಣಾವ ಆಗತೀ? ಮೊದಲ ಸಣ್ಣಾವ ಅದಿ."

ಭರಮುವಿಗೆ ನಗು ಬಂತು, ನಗಲಿಲ್ಲ. ಮಾಸ್ತರರ ಸಿಟ್ಟನ್ನು, ಅಣ್ಣಾಸಾಬರ ಶರತ್ತನ್ನು ಎದುರಿಸುವುದು ಸುಲಭವಿತ್ತು. ಅವ್ವನ ಆ ಕೈ ಕಷ್ಟದ್ದಾಗಿತ್ತು. ತೋರುಬೆರಳಿನ ತುದಿ ಕಪ್ಪಾಗಿ ಗಟ್ಟಿಯಾದ ಆ ಕೈ, ಇನ್ನೂ ಹುಟ್ಟದ ಪುಸ್ತಕದ ಪುಟವನ್ನು ಆಗಲೇ ತಡವುತ್ತಿತ್ತು. ಅವನು ಎದ್ದು ಹೋಗಿ ನಳದ ನೀರಿನಲ್ಲಿ ಮುಖ ತೊಳೆದ. ಒಂದು ಮಾತು. ಹೇಳಿದರೆ ಅವ್ವನಿಗೆ ಪುಟ ಸಿಗುತ್ತದೆ. ಆದರೆ ಆ ಪುಟದಲ್ಲಿ ಅವ್ವ ಇರುವುದಿಲ್ಲ. ಅವಳ ಮಾತು ಯಾರದೋ ವಿಶೇಷಾಂಕದಲ್ಲಿ, ಯಾರದೋ ಹೆಸರಿನ ಕೆಳಗೆ, ಶುದ್ಧ ಕನ್ನಡವಾಗಿ ಕುಳಿತಿರುತ್ತದೆ. ಇದನ್ನು ಅವಳಿಗೆ ತಿಳಿಯುವಂತೆ ಹೇಳಲು ಅವನಿಗೆ ಬರಲಿಲ್ಲ.

ಸಮಾರೋಪಕ್ಕೆ ಸಭಾಂಗಣ ತುಂಬಿತ್ತು. ವಕೀಲರು, ಶಿಕ್ಷಕರು, ಕವಿಗಳ ಮನೆಯವರು. ಕಾಗವಾಡದಿಂದ ಜಿನ್ನಪ್ಪ ಗಾಂಧಿ ಟೊಪ್ಪಿಗೆ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕುಳಿತಿದ್ದ. ವೇದಿಕೆಯ ಮೇಲೆ ವಿರುಪಾಕ್ಷಪ್ಪನವರು, ಅವರ ಮುಂದೆ ತಗಡಿನ ಡಬ್ಬಿ. ಸಮಾರೋಪದಲ್ಲಿ ಆ ಡಬ್ಬಿಯನ್ನು ಸಭೆಗೆ ತೋರಿಸುವುದು ಅವರ ರೂಢಿ. ಅವತ್ತೂ ಎತ್ತಿ ಅಲ್ಲಾಡಿಸಿ ಹೇಳಿದರು: "ಇದರಾಗ ಕಸ ಐತಿ. ನೀವು ಈಗ ಕೇಳೂದು ಕಾಳು."

ಚಪ್ಪಾಳೆ ಬಿತ್ತು. ಅಣ್ಣಾಸಾಬ ಮೈಕಿಗೆ ಬಂದರು. "ಈಗ ನಮ್ಮ ನಿಪ್ಪಾಣಿ ಕವಿ ಭರಮು. ಮೊದಲ ಮಾಸ್ತರಿಗೆ ಒಂದ ಮಾತ ಹೇಳತಾನ, ಆಮ್ಯಾಲ ಓದತಾನ," ಎಂದು ಅವನತ್ತ ಕಣ್ಣಿನಲ್ಲೇ ಬೇಡಿಕೊಂಡರು.

ಭರಮು ಮೈಕಿನ ಮುಂದೆ ನಿಂತ. ಸಭೆ ಕೆಮ್ಮಿತು, ಕುರ್ಚಿ ಸರಿಸಿತು, ಆಮೇಲೆ ಅದೂ ನಿಂತಿತು. ಹಿಂದಿನ ಗೋಡೆಗೆ ಒರಗಿ ಕುಳಿತ ಅವ್ವ ಕಾಣಿಸಿದಳು. ಕಾರ್ಖಾನೆಯಲ್ಲಿ ಬುಟ್ಟಿಯ ಸುತ್ತ ನಿಂತವರ ಮೌನ ನೆನಪಾಯಿತು. ಅದು ಹೆದರಿಕೆಯ ಮೌನವಾಗಿರಲಿಲ್ಲ. ಮುರಿ, ನೋಡುತ್ತೇವೆ ಎನ್ನುವ ಮೌನ.

ಅವನು ಮೈಕಿನಿಂದ ಸರಿದು ಮೇಜಿನ ಹತ್ತಿರ ಹೋಗಿ ಡಬ್ಬಿಯ ಮುಚ್ಚಳ ತೆಗೆದ.

"ಏ, ಏ!" ಎಂದರು ಅಣ್ಣಾಸಾಬ.

ವಿರುಪಾಕ್ಷಪ್ಪನವರ ಕೈ ಮೇಲೆದ್ದಿತು, ಅರ್ಧಕ್ಕೇ ನಿಂತಿತು. ಸಭೆಯೆದುರು ಕಸಕ್ಕಾಗಿ ಕೈ ಚಾಚುವುದು ಹೇಗೆ? ಭರಮು ಪಟ್ಟಿಗಳಲ್ಲಿ ತನ್ನವನ್ನು ಹುಡುಕಿದ. ಇತರರವನ್ನು ಮುಟ್ಟಲಿಲ್ಲ. ತನ್ನವು ಸಿಕ್ಕವು. ಮೈಕಿಗೆ ಮರಳಿ ಮೊದಲನೆಯದನ್ನು ಓದಿದ.

"ಓ ಕರುಣೆಯ ಕಡಲೇ, ತಾಯೇ."

ಯಾರೋ ಕಿಸಕ್ಕೆಂದರು.

"ಇದು ಕೆಟ್ಟ ಸಾಲ್ರಿ. ಮಾಸ್ತರ ತಗದದ್ದು ಬರೋಬ್ಬರಿ ಐತಿ," ಎಂದು ಎಲ್ಲರಿಗೂ ಕಾಣುವ ಹಾಗೆ ಹರಿದ. ಮೈಕಿನಲ್ಲಿ ಕಾಗದ ಹರಿದ ಸದ್ದು ದೊಡ್ಡದಾಗಿ ಕೇಳಿಸಿತು.

ಆಮೇಲೆ ಉಳಿದ ಕವನವನ್ನು ಮೊದಲಿನಿಂದ ಓದಿದ. ಅವಸರ ಮಾಡಲಿಲ್ಲ. ಕೊನೆಗೆ ಎರಡನೇ ಚೀಟಿ ಎತ್ತಿದ.

"ಮೋಡಾಯಚೀ ತರ ಮಾಝ್ಯಾ ಸಮೋರ ಮೋಡ."

ಹಿಂದಿನ ಗೋಡೆಯ ಕಡೆಯಿಂದ ಸುಂದ್ರವ್ವನ ದನಿ ಕೇಳಿತು: "ಅಗಬಾಯಿ! ತುಳಸಾ, ಇದು ನಿನ್ನ ಮಾತ ಐತಲ್ಲಬೇ! ಭಾವುಸಾಹೇಬನ ಮಾರಿ ಹ್ಯಾಂಗ ಆಗಿತ್ತ ಅವತ್ತ!"

ಸಭೆ ಹೊರಳಿ ಹಿಂದೆ ನೋಡಿತು. ತುಳಸವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾಚಿಕೆಯೋ ನಗುವೋ ಅಷ್ಟು ದೂರದಿಂದ ತಿಳಿಯಲಿಲ್ಲ.

"ಈ ಸಾಲ ನಮ್ಮವ್ವಂದು," ಎಂದ ಭರಮು. "ಇನ್ನ ಮ್ಯಾಲ ಯಾರರ ಬರದ್ರ, ಎಲ್ಲಿಂದ ಬಂತು ಅಂತ ನಿಮಗ ಗೊತ್ತಿರಲಿ." ಎಂದವನೇ ಅದನ್ನೂ ಅವಳ ಕಣ್ಣೆದುರೇ ಹರಿದ.

ಅವನು ಇಳಿಯುತ್ತಿದ್ದ ಹಾಗೆಯೇ ಪದ್ಮವ್ವ ಹತ್ತಿ ಬಂದಳು. ಅವಳ ಸರದಿ ಇರಲಿಲ್ಲ. ಮುಂದಿನ ಸಾಲಿನಲ್ಲಿ ಜಿನ್ನಪ್ಪ ಅರ್ಧ ಎದ್ದು, "ಪದ್ಮಾ, ನೀ ಎಲ್ಲಿಗೆ?" ಎಂದ. ಅವಳು ಡಬ್ಬಿಯ ಕಡೆ ನೋಡಲೂ ಇಲ್ಲ.

"ನಂದು ಇದರಾಗ ಇಲ್ರಿ," ಎಂದಳು ಮೈಕಿಗೆ. "ಹ್ವಾದ ವರ್ಷದ್ದದು." ಬಾಯಿಪಾಠದಿಂದ ಆ ಸಾಲು ಹೇಳಿದಳು, ತಂತಿ, ತಾಳಿ, ಅಕ್ಕ, ಎಲ್ಲವನ್ನೂ. "ಇದು ನಂದು. ಪೇಢೆ ತಿಂದವರು ನೆನಪ ಇಟಗೋರಿ."

ಹಿಂದಿನ ಸಾಲಿನ ಹುಡುಗರಲ್ಲಿ ಒಬ್ಬ ಚಪ್ಪಾಳೆ ತಟ್ಟಿದ. ಬೀಡಿ ಎಂದು ನಕ್ಕವನೇ ಅವನು. ಇನ್ನೊಬ್ಬ ಎದ್ದು ತನ್ನ ಚೀಟಿ ಕೇಳಿದ. ಅಣ್ಣಾಸಾಬ ಓಡಿ ಬಂದು ಮೈಕು ಹಿಡಿದು, "ಎಲ್ಲಾರಿಗೂ ಚಹಾ, ಚುರಮುರಿ ವ್ಯವಸ್ಥಾ ಐತಿ, ಎಲ್ಲಾರೂ ಹೊರಗ ಬರ್ರಿ" ಎಂದು ಮೂರು ಸಲ ಕೂಗಿದರು. ವಿರುಪಾಕ್ಷಪ್ಪನವರು ಕುರ್ಚಿಯಲ್ಲೇ ಕುಳಿತಿದ್ದರು. ಡಬ್ಬಿಯ ಬಾಯಿ ತೆರೆದೇ ಇತ್ತು. ಅವರು ಮುಚ್ಚಲಿಲ್ಲ.

ನಿಪ್ಪಾಣಿಯ ಬಸ್ಸಿನಲ್ಲಿ ತುಳಸವ್ವ ಮಗನನ್ನು ಬಿಟ್ಟು ಸುಂದ್ರವ್ವನ ಮಗ್ಗುಲಲ್ಲಿ ಕುಳಿತಳು. ಊರು ಹತ್ತಿರ ಬಂದಾಗ ಮಾತ್ರ ಮಗನ ಕಡೆ ಹೊರಳಿ, "ಹರಿಯೂದ ಯಾಕ ಹರದಿ, ನನಗ ಕೊಡಬೇಕಿಲ್ಲೋ," ಎಂದಳು.

ಪುಸ್ತಕ ಮರುವರ್ಷ ಬಂತು. ಅದರಲ್ಲಿ ಭರಮು ಇರಲಿಲ್ಲ, ಪದ್ಮವ್ವನೂ ಇರಲಿಲ್ಲ. ಕಮ್ಮಟಗಳು ನಿಲ್ಲಲಿಲ್ಲ. ಮುಂದಿನದು ರಾಯಬಾಗದಲ್ಲಿ ನಡೆಯಿತು. ಅಲ್ಲಿಗೆ ಹೋಗಿ ಬಂದ ಹುಡುಗನೊಬ್ಬ ಹೇಳಿದ: ಮಾಸ್ತರರು ಈಗಲೂ ಸಾಲು ಕತ್ತರಿಸಲು ಹೇಳುತ್ತಾರೆ, ಆದರೆ ಮೇಜಿನ ಮೇಲೆ ಡಬ್ಬಿ ಇರುವುದಿಲ್ಲ, ಬೇಡವಾದ ಚೀಟಿಯನ್ನು ಬರೆದವರೇ ಹರಿದು ಕಿಟಕಿಯಾಚೆ ಬಿಡುತ್ತಾರೆ. ಯಾಕೆಂದು ಹೊಸಬರಿಗೆ ಗೊತ್ತಿಲ್ಲ, ಅದೇ ಪದ್ಧತಿ ಅಂದುಕೊಂಡಿದ್ದಾರೆ.

ಕವನ ಅಚ್ಚಾಯಿತು, ಪುಸ್ತಕದಲ್ಲಲ್ಲ. ಬೀಡಿ ಕಟ್ಟುವ ಹೆಣ್ಣುಮಕ್ಕಳ ಸಭೆಯೊಂದರ ಕರಪತ್ರದ ಬೆನ್ನಿಗೆ, ಸಣ್ಣ ಅಕ್ಷರದಲ್ಲಿ, ಮರಾಠಿಯ ಸಾಲಿನ ಸಮೇತ. ತುಳಸವ್ವ ಕೈಯಿಂದ ತಡವಿ ನೋಡಿ, "ಇಷ್ಟ ತೆಳ್ಳಗೇನು? ಪುಸ್ತಕ ಆಗಿದ್ರ ದಪ್ಪ ಇರತಿತ್ತು," ಎಂದಳು. ಆದರೂ ಅದನ್ನು ಬುದ್ಧನ ಪಟದ ಹಿಂದೆ ಸಿಕ್ಕಿಸಿಟ್ಟಳು.

ಭರಮುವಿಗೆ ಕನ್ನಡ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಅಣ್ಣಾಸಾಬ ಆಗಾಗ ನಿಪ್ಪಾಣಿಗೆ ಬಂದರೆ ಶಾಲೆಯ ತನಕ ಬರುತ್ತಿದ್ದರು. ಪ್ರತಿ ಸಂಕಲನದಲ್ಲೂ ನಿಪ್ಪಾಣಿ ಖಾಲಿ ಉಳಿಯುತ್ತಿತ್ತು, ಅವರಿಗೆ ಅದೊಂದು ನೋವು. "ಮಾಸ್ತರು ನಿನ್ನ ಹೆಸರು ತಗದಾಗ ಸುಮ್ಮನಾಗ್ತಾರಪಾ. ಒಂದ ಮಾತ ಅಂದಬಿಡು, ಅವರಿಗೂ ಹಗುರಾಗ್ತೈತಿ," ಎನ್ನುತ್ತಿದ್ದರು. ಭರಮು ಅವರಿಗೆ ಚಹಾ ತರಿಸುತ್ತಿದ್ದ, ಮಳೆ ಬೆಳೆ ಕೇಳುತ್ತಿದ್ದ.

೧೯೯೬ರಲ್ಲಿ ವಿರುಪಾಕ್ಷಪ್ಪನವರು ತೀರಿಕೊಂಡರು. ಅಥಣಿಯ ಶ್ರದ್ಧಾಂಜಲಿ ಸಭೆಗೆ ಭರಮು ಹೋದ. ಪದ್ಮವ್ವನೂ ಬಂದಿದ್ದಳು, ಸೊಂಟದ ಮೇಲೆ ಮಗು. ಕೂದಲು ಬೆಳ್ಳಗಾಗಿದ್ದ ಅಣ್ಣಾಸಾಬ ಬಾಗಿಲಲ್ಲೇ ಅವನ ಕೈ ಹಿಡಿದು, "ಈಗರ ಅನ್ನೋ. ಫೋಟೋದ ಮುಂದರ ಅನ್ನು. ಕೇಳವರು ಯಾರದಾರ?" ಎಂದರು.

ಭರಮು ಫೋಟೋಕ್ಕೆ ಹೂ ಏರಿಸಿದ. ಮೈಕಿನ ಮುಂದೆ ಬಂದು, ಸಾಲನ್ನು ಎಲ್ಲಿ ಕತ್ತರಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ತನಗೆ ಕಲಿಸಿದವರು ಇವರೇ ಎಂದ. ಅದು ನಿಜವಾಗಿತ್ತು. ಅಣ್ಣಾಸಾಬ ಮುಂದಿನ ಸಾಲಿನಲ್ಲಿ ಕುತ್ತಿಗೆ ಚಾಚಿ ಕಾಯುತ್ತಿದ್ದರು. ಭರಮು ಸಭೆಗೆ ಕೈಮುಗಿದು ಕೆಳಗಿಳಿದ.

ತಪ್ಪಾಯಿತು ಎಂದು ಅವನು ಅವತ್ತೂ ಹೇಳಲಿಲ್ಲ, ಎಂದೂ ಹೇಳಲಿಲ್ಲ.